ಅಗಲ ಜಾಸ್ತಿಯಾದ ರಸ್ತೆ: ನಡುವಿನ ತೋಟವನ್ನು ಪಕ್ಕಕ್ಕೆ ತನ್ನಿ

ಮಾನ್ಯ ಸಂಪಾದಕರೇ,

ಹೋದ ವಾರ ಅಮ್ಮನ ಕೈ ಹಿಡಿದುಕೊಂಡು ಒಂದು ದೊಡ್ಡ ರಸ್ತೆ ದಾಟುತ್ತಿದ್ದೆ. ನಡುವಿಗೆ ಬರುವಷ್ಟರಲ್ಲಿ ಹಸಿರು ಮನುಷ್ಯ ಮಾಯವಾಗಿ ಕೆಂಪು ಮನುಷ್ಯ ಬಂದ. ಮುಂದೆ ಹೋಗುವ ಹಾಗಿಲ್ಲ, ವಾಪಸ್ ಬರುವ ಹಾಗೂ ಇಲ್ಲ. ಇಬ್ಬರೂ ಡಿವೈಡರ್ ಮೇಲೆ ನಿಂತೆವು. ಬೆನ್ನ ಹಿಂದೆ ಒಂದು ಸಾಲು ವಾಹನ, ಮುಖದ ಮುಂದೆ ಇನ್ನೊಂದು ಸಾಲು. ಬಸ್ಸು ಹೋದಾಗಲೆಲ್ಲ ಮೈ ಒಮ್ಮೆ ಅತ್ತಿತ್ತ ಆಡುತ್ತಿತ್ತು. ಅಮ್ಮ ಹೆದರಿಕೊಂಡಿರಬಹುದು ಅಂತ ನಾನು ನೋಡಿದರೆ, ಅವರು ಡಿವೈಡರ್ ಒಳಗಿನ ಗಿಡಗಳನ್ನು ನೋಡುತ್ತಿದ್ದರು. ನೀಟಾಗಿ ಕತ್ತರಿಸಿದ ಪೊದೆಗಳು, ಹೂವು, ಸಣ್ಣ ಹುಲ್ಲುಹಾಸು, ಸುತ್ತ ಕಬ್ಬಿಣದ ಗ್ರಿಲ್. “ಎಷ್ಟು ಚೆನ್ನಾಗಿ ಬೆಳೆಸಿದ್ದಾರೆ ನೋಡೇ, ಇಲ್ಲೊಂದು ಕೂರೋಕೆ ಜಾಗ ಮಾಡಿದ್ರೆ ಏನು ಹೋಗ್ತಿತ್ತು?” ಅಂದರು.

ಆಗ ನಗು ಬಂತು. ಮನೆಗೆ ಬಂದ ಮೇಲೆ ಯೋಚನೆ ಶುರುವಾಯಿತು. ಊರಿನ ಒಳ್ಳೆಯ ತೋಟವನ್ನು, ದಿನಾ ನೀರು ಕಾಣುವ ತೋಟವನ್ನು, ಯಾರೂ ಕಾಲಿಡಲಾಗದ ಜಾಗದಲ್ಲಿ ಇಟ್ಟಿದ್ದೇವಲ್ಲ. ಜನ ನಡೆಯುವುದು ರಸ್ತೆಯ ಅಂಚಿನಲ್ಲಿ. ಅಲ್ಲಿ ಒಂದು ಮರ ಇಲ್ಲ, ನೆರಳಿಲ್ಲ, ಎರಡು ಜನ ಅಕ್ಕಪಕ್ಕ ನಡೆಯುವಷ್ಟು ಜಾಗವೂ ಇಲ್ಲ. ನಡುವೆ ಮಾತ್ರ ಉದ್ಯಾನವನ. ಅದನ್ನು ಅನುಭವಿಸುವವರು ಯಾರು? ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವವರು, ಅದೂ ಕಣ್ಣು ರಸ್ತೆ ಮೇಲೆ ಇಟ್ಟುಕೊಂಡು.

ಈ ಪತ್ರ ಬರೆಯುವುದಕ್ಕೆ ಕಾರಣ ಅದೇ. ರಸ್ತೆ ಅಗಲೀಕರಣದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ, ಇಷ್ಟು ಅಡಿ ಇತ್ತು ಇಷ್ಟು ಅಡಿ ಆಗುತ್ತದೆ ಅಂತ. ಈಗಾಗಲೇ ಬೇಕಾದ್ದಕ್ಕಿಂತ ಅಗಲವಾಗಿರುವ ರಸ್ತೆಗಳನ್ನು ಏನು ಮಾಡೋಣ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು. ಯಾಕೆಂದರೆ ಊರ ಒಳಗೆ ಹೊಸ ಜಾಗ ಎಲ್ಲೂ ಸಿಗುವುದಿಲ್ಲ, ಪಾರ್ಕಿಗೂ ಇಲ್ಲ, ಮಕ್ಕಳು ಆಡುವುದಕ್ಕೂ ಇಲ್ಲ. ಎಲ್ಲರಿಗೂ ಸೇರಿದ ದೊಡ್ಡ ಜಾಗ ಅಂತ ಉಳಿದಿರುವುದೇ ರಸ್ತೆ.

ಮೊದಲು ದಾಟುವ ಲೆಕ್ಕ ನೋಡೋಣ. ಸಿಗ್ನಲ್ ಸಮಯ ಲೆಕ್ಕ ಹಾಕುವಾಗ ಮನುಷ್ಯ ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾನೆ ಅಂತ ಹಿಡಿಯುವುದು ಹಳೆಯ ರೂಢಿ. ಹಾಗೆ ನಡೆದರೆ 36 ಮೀಟರ್ ಅಗಲದ ರಸ್ತೆ ದಾಟಲು 30 ಸೆಕೆಂಡು ಬೇಕು. ಆದರೆ ಮಂಡಿ ನೋವಿನ ಅಮ್ಮ, ಮಗುವನ್ನು ಎತ್ತಿಕೊಂಡವರು, ಕೋಲು ಹಿಡಿದವರು ಆ ವೇಗದಲ್ಲಿ ನಡೆಯುವುದಿಲ್ಲ. ಸೆಕೆಂಡಿಗೆ 80 ಸೆಂಟಿಮೀಟರ್ ಅಂತ ಹಿಡಿದರೆ ಅದೇ ರಸ್ತೆಗೆ 45 ಸೆಕೆಂಡು. ಅಷ್ಟು ಹೊತ್ತು ವಾಹನ ನಿಲ್ಲಿಸಿದರೆ ಹಿಂದೆ ಹಾರ್ನ್ ಶುರುವಾಗುತ್ತದೆ, ಹಾಗಾಗಿ ನಿಲ್ಲಿಸುವುದಿಲ್ಲ, ಹಾಗಾಗಿ ಅಮ್ಮ ಡಿವೈಡರ್ ಮೇಲೆ ನಿಂತಿರುತ್ತಾರೆ. ಇದು ಸಿಗ್ನಲ್ಲಿನ ತಪ್ಪಲ್ಲ, ಅಗಲದ ತಪ್ಪು. ರಸ್ತೆ ಅಗಲವಾದಷ್ಟೂ ದಾಟುವವರು ಜಾಸ್ತಿ ಹೊತ್ತು ಬೇಡುತ್ತಾರೆ, ಅಷ್ಟು ಹೊತ್ತು ವಾಹನಗಳು ನಿಲ್ಲಬೇಕು. ವಾಹನ ಸಲೀಸಾಗಿ ಹೋಗಲಿ ಅಂತ ಅಗಲ ಮಾಡಿದ್ದು, ಕೊನೆಗೆ ವಾಹನಕ್ಕೇ ಅಡ್ಡ ಬಂದ ಹಾಗಾಯ್ತು.

ಇದಕ್ಕೆ ಪರಿಹಾರ ಅಂತ ಸ್ಕೈವಾಕ್ ಕಟ್ಟುತ್ತಾರೆ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕುಳಿತು ಹೋಗುವವರು ನೆಲದ ಮೇಲೆ, ನಡೆದು ಹೋಗುವವರು ಮೆಟ್ಟಿಲು ಹತ್ತಿ ಇಳಿಯಬೇಕು ಅನ್ನುವುದು ನನಗಂತೂ ಉಲ್ಟಾ ನ್ಯಾಯ.

ಇನ್ನು ವೇಗ. ಹಗಲು ಹೊತ್ತು ಕಿಕ್ಕಿರಿದ ಇದೇ ರಸ್ತೆ ರಾತ್ರಿ ಹನ್ನೊಂದಕ್ಕೆ ಬರಿದಾಗುತ್ತದೆ. ಆಗ ಅದು ರನ್‌ವೇ. ಪಕ್ಕದಲ್ಲಿ 40 ಅಂತ ಬೋರ್ಡ್ ಇರುತ್ತದೆ, ಪಾಪ. ಬೋರ್ಡ್ ನೋಡಿ ಯಾರೂ ಗಾಡಿ ಓಡಿಸುವುದಿಲ್ಲ, ರಸ್ತೆ ನೋಡಿ ಓಡಿಸುತ್ತಾರೆ. ನೇರವಾಗಿ, ಅಗಲವಾಗಿ, ದೂರದವರೆಗೆ ಖಾಲಿ ಕಾಣುವ ರಸ್ತೆ ಕಾಲನ್ನು ಆಕ್ಸಿಲರೇಟರ್ ಮೇಲೆ ತಾನೇ ಒತ್ತಿಸುತ್ತದೆ. ನಾನೂ ಒತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಸರಾಸರಿ ವೇಗ ಶೇ 1ರಷ್ಟು ಹೆಚ್ಚಾದರೆ ಸಾವು ತರುವ ಅಪಘಾತದ ಅಪಾಯ ಶೇ 4ರಷ್ಟು ಹೆಚ್ಚುತ್ತದೆ. 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನ, ಜನರೂ ವಾಹನಗಳೂ ಬೆರೆಯುವ ಕಡೆ ಗಂಟೆಗೆ 30 ಕಿಲೋಮೀಟರ್ ಮಿತಿ ಇರಲಿ ಅಂತ ಹೇಳಿತು. ಆದರೆ ಆರು ಲೇನ್ ರಸ್ತೆ ಕಟ್ಟಿ 30ರ ಬೋರ್ಡ್ ಹಾಕುವುದು, ತಟ್ಟೆ ತುಂಬ ಬಡಿಸಿ ಎರಡೇ ತುತ್ತು ತಿನ್ನು ಅಂದ ಹಾಗೆ.

ಹಾಗಾದರೆ ಎಷ್ಟು ಅಗಲ ಸಾಕು? ಇಲ್ಲಿ ಒಂದು ಸಣ್ಣ ಲೆಕ್ಕ ನನಗೆ ತುಂಬ ಇಷ್ಟ. ಆರು ಲೇನ್, ಒಂದೊಂದು 3.5 ಮೀಟರ್, ಒಟ್ಟು 21 ಮೀಟರ್. ಈ ಮೂರೂವರೆ ಮೀಟರ್ ವೇಗದ ರಸ್ತೆಗೆ ಸರಿಯಾದ ಅಳತೆ. ಊರೊಳಗೆ ನಿಧಾನವಾಗಿ ಹೋಗುವ ಕಡೆ 3 ಮೀಟರ್ ಸಾಕು, ಬಸ್ಸು ಹೋಗುವ ಲೇನಿಗೆ ಒಂದಿಷ್ಟು ಜಾಸ್ತಿ ಕೊಡಬಹುದು. ಲೇನುಗಳನ್ನು 3 ಮೀಟರಿಗೆ ಇಳಿಸಿದರೆ 18 ಮೀಟರಿನಲ್ಲಿ ಅದೇ ಆರು ಲೇನ್ ಕೂರುತ್ತವೆ. ಅಂದರೆ ಒಂದೇ ಒಂದು ಲೇನ್ ತೆಗೆಯದೆ 3 ಮೀಟರ್ ಕೈಗೆ ಸಿಕ್ಕಿತು. ಬಣ್ಣದ ಗೆರೆ ಜರುಗಿಸಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಆ 3 ಮೀಟರಿನಲ್ಲಿ ಒಂದು ಸಾಲು ಮರ ಮತ್ತು ಕೂರುವ ಜಾಗ ಆರಾಮಾಗಿ ಬರುತ್ತದೆ. ಆರನ್ನು ನಾಲ್ಕು ಮಾಡುವ ಧೈರ್ಯ ಇದ್ದರಂತೂ 9 ಮೀಟರ್ ಸಿಗುತ್ತದೆ. ಒಂಬತ್ತು ಮೀಟರ್ ಅಂದರೆ ಒಂದು ಸಣ್ಣ ಬೀದಿಯಷ್ಟು ಜಾಗ, ರಸ್ತೆಯ ಉದ್ದಕ್ಕೂ.

“ನಾಲ್ಕು ಮಾಡಿದರೆ ಆ ವಾಹನಗಳೆಲ್ಲ ಎಲ್ಲಿಗೆ ಹೋಗುತ್ತವೆ?” ಅಂತ ಈಗ ಓದುಗರು ಕೇಳುತ್ತಿರುತ್ತಾರೆ, ಗೊತ್ತು. ಮೊದಲನೆಯದು, ಊರ ರಸ್ತೆಯಲ್ಲಿ ಎಷ್ಟು ವಾಹನ ಹೋಗಬಹುದು ಅಂತ ತೀರ್ಮಾನಿಸುವುದು ರಸ್ತೆಯ ಅಗಲ ಅಲ್ಲ, ಜಂಕ್ಷನ್. ಒಂದು ಲೇನಿನಲ್ಲಿ ಗಂಟೆಪೂರ್ತಿ ಹಸಿರು ಇದ್ದರೆ ಸುಮಾರು 1,800 ಕಾರು ದಾಟಬಹುದು. ಸಿಗ್ನಲ್‌ನಲ್ಲಿ ಅರ್ಧ ಹೊತ್ತು ಕೆಂಪು ಇರುತ್ತದೆ, ಅಲ್ಲಿಗೆ 900. ಮಧ್ಯದ ರಸ್ತೆಯನ್ನು ಎಂಟು ಲೇನ್ ಮಾಡಿದರೂ ಮುಂದಿನ ಸಿಗ್ನಲ್‌ನಲ್ಲಿ ಎಲ್ಲರೂ ಸೇರಿ ನಿಲ್ಲಲೇಬೇಕು. ಬಾಟಲಿ ಎಷ್ಟು ದಪ್ಪ ಇದ್ದರೇನು, ನೀರು ಬರುವುದು ಕುತ್ತಿಗೆಯಿಂದ ತಾನೇ. ಹಾಗಾಗಿ ಎರಡು ಸಿಗ್ನಲ್‌ಗಳ ನಡುವಿನ ಹೆಚ್ಚಿನ ಲೇನುಗಳು ಎಷ್ಟೋ ಕಡೆ ನಿಂತ ವಾಹನಗಳ ಗೋದಾಮು, ಇಲ್ಲವೇ ಹಿಂದಿಕ್ಕಿ ನುಗ್ಗುವವರ ಆಟದ ಮೈದಾನ.

ಎರಡನೆಯದು, ವಾಹನಗಳು ನೀರಿನಂತಲ್ಲ. ಒಂದು ಕಡೆ ಕಟ್ಟೆ ಹಾಕಿದರೆ ಅಷ್ಟೂ ಇನ್ನೊಂದು ಕಡೆ ಉಕ್ಕುತ್ತದೆ ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ಬ್ರಿಟನ್ನಿನ ಮೂವರು ಸಂಶೋಧಕರು, ಸ್ಯಾಲಿ ಕೇರ್ನ್ಸ್, ಸ್ಟೀಫನ್ ಆಟ್ಕಿನ್ಸ್ ಮತ್ತು ಫಿಲ್ ಗುಡ್‌ವಿನ್, 11 ದೇಶಗಳಲ್ಲಿ ರಸ್ತೆ ಮುಚ್ಚಿದ ಅಥವಾ ಕಿರಿದು ಮಾಡಿದ 70 ಉದಾಹರಣೆಗಳನ್ನು ಕೂಡಿಸಿ 2002ರಲ್ಲಿ ಒಂದು ವರದಿ ಬರೆದರು. ಅಕ್ಕಪಕ್ಕದ ರಸ್ತೆಗಳಿಗೆ ತಿರುಗಿದ್ದನ್ನೂ ಲೆಕ್ಕಕ್ಕೆ ಹಿಡಿದ ಮೇಲೆ, ಸುಮಾರು ಅರ್ಧದಷ್ಟು ಕಡೆಗಳಲ್ಲಿ ಶೇ 11ರಷ್ಟು ಅಥವಾ ಅದಕ್ಕೂ ಜಾಸ್ತಿ ವಾಹನ ಓಡಾಟ ಕಡಿಮೆಯಾಗಿತ್ತು. ಅವು ಆವಿಯಾಗಲಿಲ್ಲ. ಜನ ಹೊತ್ತು ಬದಲಾಯಿಸಿದರು, ಎರಡು ಕೆಲಸ ಸೇರಿಸಿ ಒಂದೇ ಸಲ ಹೋದರು, ಬಸ್ಸು ಹತ್ತಿದರು, ಕೆಲವರು ನಡೆದರು. ಉಲ್ಟಾ ಕೂಡ ಅಷ್ಟೇ ನಿಜ. ಅಮೆರಿಕದ ನಗರಗಳ ಹೆದ್ದಾರಿಗಳನ್ನು ನೋಡಿ ಡುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ತೋರಿಸಿದ್ದು, ಹೆದ್ದಾರಿ ಎಷ್ಟು ಪಾಲು ಹೆಚ್ಚಿತೋ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆ ಅಂತ. ಅಲ್ಲಿನ ಹ್ಯೂಸ್ಟನ್ ನಗರದ ಕೇಟಿ ಹೆದ್ದಾರಿಯನ್ನು ಅಗಲ ಮಾಡುವ ಕೆಲಸ 2008ರಲ್ಲಿ ಮುಗಿಯಿತು. ಪಕ್ಕದ ಸರ್ವಿಸ್ ರಸ್ತೆಗಳನ್ನೂ ಸೇರಿಸಿದರೆ ಕೆಲವು ಕಡೆ 26 ಲೇನ್. ಕೆಲವೇ ವರ್ಷಗಳಲ್ಲಿ ಬೆಳಗ್ಗೆ ಸಂಜೆ ಜನ ಮತ್ತೆ ಮೊದಲಿನ ಹಾಗೇ ಕಾಯತೊಡಗಿದರು. ಇಪ್ಪತ್ತಾರು ಲೇನ್ ಸಾಲದು ಅಂದರೆ ಎಷ್ಟು ಸಾಕು ಹೇಳಿ.

ದಕ್ಷಿಣ ಕೊರಿಯಾದ ಸೋಲ್ ನಗರದ ಚೊಂಗ್‌ಗೆಚೊನ್ ಕತೆ ಹಲವರಿಗೆ ಗೊತ್ತಿರುತ್ತದೆ. ಆ ಹೆಸರಿನ ಹಳ್ಳವನ್ನು ಮುಚ್ಚಿ ರಸ್ತೆ ಮಾಡಿ, ಅದರ ಮೇಲೊಂದು ಎತ್ತರದ ಹೆದ್ದಾರಿ ಕಟ್ಟಿದ್ದರು. 2003ರಲ್ಲಿ ಅದನ್ನು ಒಡೆಯಲು ಶುರು ಮಾಡಿ, 2005ರ ಅಕ್ಟೋಬರ್‌ನಲ್ಲಿ 5.8 ಕಿಲೋಮೀಟರ್ ಉದ್ದದ ಹಳ್ಳ ಮತ್ತು ನಡೆಯುವ ದಾರಿಯನ್ನು ಜನರಿಗೆ ಬಿಟ್ಟರು. ಊರು ನಿಂತುಹೋಗಲಿಲ್ಲ. ಆದರೆ ಈ ಕತೆ ಹೇಳುವವರು ಎರಡು ವಿಷಯ ನುಂಗಿಕೊಳ್ಳುತ್ತಾರೆ. ಒಂದು, ಅದೇ ಹೊತ್ತಿಗೆ, 2004ರಲ್ಲಿ, ಸೋಲ್ ತನ್ನ ಬಸ್ ವ್ಯವಸ್ಥೆಯನ್ನೇ ತಿದ್ದಿ ಬರೆಯಿತು, ದೊಡ್ಡ ರಸ್ತೆಗಳ ನಡುವೆ ಬಸ್ಸಿಗೇ ಅಂತ ಲೇನ್ ಕೊಟ್ಟಿತು. ಬರೀ ರಸ್ತೆ ಒಡೆದಿದ್ದರೆ ಜನ ಬೈಯುತ್ತಿದ್ದರು, ಬೈಯಲೂ ಬೇಕಿತ್ತು. ಇನ್ನೊಂದು, ಅಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಸಣ್ಣ ವ್ಯಾಪಾರಿಗಳು, ಬೀದಿ ಮಾರಾಟಗಾರರು ಎತ್ತಂಗಡಿಯಾದರು. ಅವರಲ್ಲಿ ಎಷ್ಟೋ ಜನರಿಗೆ ಹೊಸ ಜಾಗ ಕೈ ಹಿಡಿಯಲಿಲ್ಲ. ಅಂದ ಹಾಗೆ, ಆ ಹಳ್ಳದಲ್ಲಿ ಹರಿಯುವ ನೀರಿನ ಬಹುಪಾಲು ಪಂಪು ಮಾಡಿ ತಂದದ್ದು. ಚೆಂದ ಇದೆ, ಒಪ್ಪುತ್ತೇನೆ, ಆದರೆ ಫೋಟೋ ನೋಡಿ ಮರುಳಾಗಬಾರದು.

ಸರಿ, ಜಾಗ ಸಿಕ್ಕಿತು ಅಂತಿಟ್ಟುಕೊಳ್ಳಿ. ಎಲ್ಲಿ ಇಡುವುದು? ನನ್ನ ಪತ್ರದ ಮುಖ್ಯ ಮಾತು ಇಲ್ಲಿದೆ. ಸಿಕ್ಕ ಅಗಲವನ್ನು ನಡುವೆ ಇಡಬೇಡಿ. ಎರಡೂ ಬದಿಗೆ ಸಮ ಅಂತ ಹಂಚಿ ಚೂರು ಚೂರು ಮಾಡಲೂಬೇಡಿ. ಒಂದೇ ಕಡೆ ತನ್ನಿ. ಎರಡೂ ಬದಿಗೆ ಒಂದೂವರೆ ಮೀಟರ್ ಕೊಟ್ಟರೆ ಅದು ಫುಟ್‌ಪಾತ್‌ನಲ್ಲಿ ಕಳೆದುಹೋಗುತ್ತದೆ, ಒಂದು ಟ್ರಾನ್ಸ್‌ಫಾರ್ಮರ್, ನಾಲ್ಕು ಬೈಕು ಬಂದರೆ ಮುಗೀತು. ಒಂದೇ ಬದಿಗೆ 3 ಮೀಟರ್ ಸೇರಿಸಿದರೆ ಅದು ಜಾಗ ಅನ್ನಿಸಿಕೊಳ್ಳುತ್ತದೆ. ಡಿವೈಡರ್ ತೋಟವನ್ನೂ ಅಲ್ಲಿಗೇ ಸರಿಸಿದರೆ ಇನ್ನೂ 2 ಮೀಟರ್. ಈಗ 5 ಮೀಟರ್ ಆಯಿತು, ಮೊದಲಿದ್ದ ಫುಟ್‌ಪಾತ್ ಬೇರೆ.

ಡಿವೈಡರ್ ತೆಗೆದರೆ ಎದುರುಬದುರು ಡಿಕ್ಕಿ ಆಗುವುದಿಲ್ಲವೇ ಅಂದರೆ, ವೇಗ ಇಳಿಸಿದ ಮೇಲೆ ಮಾತ್ರ ತೆಗೆಯಬೇಕು. ದಾಟುವ ಕಡೆಗಳಲ್ಲಿ ನಿಲ್ಲಲು ಒಂದು ಸಣ್ಣ ದ್ವೀಪ ಉಳಿಸಿಕೊಳ್ಳಬೇಕು, ಮಗುವಿನ ಗಾಡಿ ಅಡ್ಡ ನಿಲ್ಲಿಸುವಷ್ಟು ಅಗಲ ಅದಕ್ಕಿರಬೇಕು. ಉಳಿದ ಕಡೆ ನಡುವೆ ತೋಟ ಯಾಕೆ?

ಯಾವ ಬದಿಗೆ ಅನ್ನುವುದನ್ನು ಸೂರ್ಯನನ್ನು ಕೇಳಿ. ಉತ್ತರ ದಕ್ಷಿಣಕ್ಕೆ ಹೋಗುವ ರಸ್ತೆಯಾದರೆ ಮಧ್ಯಾಹ್ನದ ನಂತರ ಪಶ್ಚಿಮದ ಬದಿಯ ಕಟ್ಟಡಗಳ ನೆರಳು ಅದೇ ಬದಿಯ ಫುಟ್‌ಪಾತ್ ಮೇಲೆ ಬೀಳುತ್ತದೆ. ಜನ ಹೊರಗೆ ಬರುವುದು ಸಂಜೆ. ಹಾಗಾದರೆ ಸೆಖೆಯ ಊರಲ್ಲಿ ಜಾಗ ಪಶ್ಚಿಮದ ಬದಿಗಿರಲಿ. ಚಳಿಯ ಊರಲ್ಲಿ ಬಿಸಿಲು ಬೀಳುವ ಬದಿ ಹುಡುಕಿ. ಇಷ್ಟು ಸಣ್ಣ ವಿಷಯ ನಕ್ಷೆ ಬರೆಯುವವರ ಟೇಬಲ್ ಮೇಲೆ ಕಾಣುವುದಿಲ್ಲ, ಯಾಕೆಂದರೆ ನಕ್ಷೆಯಲ್ಲಿ ಬಿಸಿಲಿರುವುದಿಲ್ಲ. ಸಂಜೆ ನಾಲ್ಕು ಗಂಟೆಗೆ ಒಂದು ಸಲ ಆ ರಸ್ತೆಯಲ್ಲಿ ನಡೆದು ನೋಡಿದರೆ ಸಾಕು, ಎಲ್ಲರೂ ಒಂದೇ ಬದಿಯಲ್ಲಿ ನಡೆಯುತ್ತಿರುತ್ತಾರೆ.

ನಡುವೆ ಇಟ್ಟು ಗೆದ್ದ ಊರುಗಳೂ ಇವೆ, ಇಲ್ಲ ಅನ್ನುವುದಿಲ್ಲ. ಸ್ಪೇನಿನ ಬಾರ್ಸಿಲೋನಾದ ರಾಂಬ್ಲಾ ಎಂಬ ಬೀದಿಯಲ್ಲಿ ಜನ ನಡುವೆ ನಡೆಯುತ್ತಾರೆ, ವಾಹನ ಪಕ್ಕದಲ್ಲಿ. ಕ್ಯಾಲಿಫೋರ್ನಿಯಾದ ಲ್ಯಾಂಕಾಸ್ಟರ್ ಎಂಬ ಊರು 2010ರಲ್ಲಿ ತನ್ನ ಮುಖ್ಯ ಬೀದಿಯನ್ನು ಅದೇ ರೀತಿ ಬದಲಾಯಿಸಿತು, ನಡುವೆ ಮರಗಳ ಸಾಲು, ಸಂತೆ ನಡೆಸುವ ಜಾಗ, ಎರಡೂ ಬದಿಗೆ ಒಂದೊಂದೇ ನಿಧಾನದ ಲೇನ್. ಗುಟ್ಟು ಅಲ್ಲೇ ಇದೆ ನೋಡಿ. ಬದಿಯ ಲೇನ್ ಒಂದೇ ಆಗಿ, ವಾಹನ ನಿಧಾನವಾಗಿ ಹೋದರೆ, ಯಾರು ಬೇಕಾದರೂ ಎಲ್ಲಿ ಬೇಕಾದರೂ ದಾಟಿ ನಡುವಿಗೆ ಹೋಗಬಹುದು. ಎರಡೂ ಬದಿಗೆ ಮೂರು ಮೂರು ಲೇನ್ ಬಿಟ್ಟು ನಡುವೆ ಪಾರ್ಕ್ ಮಾಡಿದರೆ ಅದು ದ್ವೀಪ. ದ್ವೀಪಕ್ಕೆ ಹೋಗಲು ದೋಣಿ ಬೇಕು.

ಜಾಗ ಇದ್ದರೆ ಜನ ಬರುತ್ತಾರಾ? ಕೂರಲು ಇದ್ದರೆ ಬರುತ್ತಾರೆ. ವಿಲಿಯಂ ವೈಟ್ ಎಂಬವರು 1970ರ ದಶಕದಲ್ಲಿ ನ್ಯೂಯಾರ್ಕಿನ ಸಣ್ಣ ಸಣ್ಣ ಚೌಕಗಳ ಮೇಲೆ ಕ್ಯಾಮೆರಾ ಇಟ್ಟು ವರ್ಷಗಟ್ಟಲೆ ನೋಡಿದರು. ಯಾವ ಚೌಕದಲ್ಲಿ ಜನ ಜಾಸ್ತಿ, ಯಾವುದರಲ್ಲಿ ಕಡಿಮೆ, ಯಾಕೆ ಅಂತ. ಆಕಾರ ಅಲ್ಲ, ಕಾರಂಜಿ ಅಲ್ಲ. ಕೂರಲು ಜಾಗ ಎಲ್ಲಿದೆಯೋ ಅಲ್ಲಿ ಜನ ಕೂರುತ್ತಾರೆ, ಅಷ್ಟೇ. ಅವರು ಗಮನಿಸಿದ ಇನ್ನೊಂದು ಸಂಗತಿ ನನಗೆ ಭಾರಿ ಖುಷಿ ಕೊಡುತ್ತದೆ. ಎತ್ತಿಡಬಹುದಾದ ಕುರ್ಚಿ ಇಟ್ಟರೆ ಜನ ಕೂರುವ ಮೊದಲು ಅದನ್ನು ಒಂದು ಚೂರು ಜರುಗಿಸುತ್ತಾರೆ. ಬಿಸಿಲಿಗಲ್ಲ, ನೆರಳಿಗಲ್ಲ, ಕೆಲವೊಮ್ಮೆ ಸುಮ್ನೆ. ಅರ್ಧ ಅಡಿ ಆಚೆ, ಮತ್ತೆ ಅಲ್ಲಿಗೇ. ಈ ಕುರ್ಚಿ ನನ್ನದು, ನಾನು ಇಟ್ಟ ಕಡೆ ಇದೆ ಅನ್ನುವ ಸಣ್ಣ ಸಮಾಧಾನ. ನೆಲಕ್ಕೆ ಬೋಲ್ಟ್ ಹಾಕಿದ ಕಲ್ಲಿನ ಬೆಂಚು ಆ ಸಮಾಧಾನ ಕೊಡುವುದಿಲ್ಲ.

ಮರದ ಬಗ್ಗೆ ಒಂದು ಮಾತು. ಕಾಂಕ್ರೀಟಿನ ನಡುವೆ ಒಂದಡಿ ಗುಂಡಿ ತೋಡಿ ಸಸಿ ನೆಟ್ಟು ಫೋಟೋ ತೆಗೆಸಿಕೊಂಡರೆ ಅದು ಮರವಾಗುವುದಿಲ್ಲ. ಬೇರಿಗೆ ಸಡಿಲ ಮಣ್ಣು ಬೇಕು, ಉದ್ದಕ್ಕೂ ಬೇಕು. ಬಿಡಿ ಗುಂಡಿಗಳ ಬದಲು ಒಂದೇ ಉದ್ದದ ಮಣ್ಣಿನ ಪಟ್ಟಿ ಬಿಟ್ಟರೆ ಬೇರುಗಳು ಹರಡಿಕೊಳ್ಳುತ್ತವೆ, ಮಳೆ ನೀರೂ ಅಲ್ಲೇ ಇಂಗುತ್ತದೆ. ಈ ನೀರಿನ ಲೆಕ್ಕವನ್ನೂ ಹಾಕಿ ನೋಡಿ. ಒಂದು ಕಿಲೋಮೀಟರ್ ಉದ್ದ, 10 ಮೀಟರ್ ಅಗಲದ ಡಾಂಬರಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲಕ್ಷ ಲೀಟರ್ ನೀರು. ಅಷ್ಟೂ ಹತ್ತು ಹದಿನೈದು ನಿಮಿಷದಲ್ಲಿ ಚರಂಡಿಗೆ ನುಗ್ಗಿದರೆ ಚರಂಡಿ ಪಾಪ ಏನು ಮಾಡೀತು? ಮಣ್ಣಿನ ಪಟ್ಟಿಯನ್ನು ರಸ್ತೆಗಿಂತ ಒಂದಿಷ್ಟು ತಗ್ಗಿನಲ್ಲಿಟ್ಟು, ಅಂಚಿನ ಕಲ್ಲಿನಲ್ಲಿ ಅಲ್ಲಲ್ಲಿ ಸಂದು ಬಿಟ್ಟರೆ ನೀರು ಮೊದಲು ಮರಕ್ಕೆ ಹೋಗುತ್ತದೆ, ಮಿಕ್ಕಿದ್ದು ಚರಂಡಿಗೆ. ಈಗ ನಾವು ಮಾಡುವುದು ಉಲ್ಟಾ. ಮರದ ಸುತ್ತ ಎತ್ತರದ ಕಟ್ಟೆ ಕಟ್ಟಿ, ಮಳೆ ನೀರನ್ನು ಹೊರಗಿಟ್ಟು, ಆಮೇಲೆ ಟ್ಯಾಂಕರಿನಲ್ಲಿ ನೀರು ತಂದು ಹಾಕುತ್ತೇವೆ.

ರಸ್ತೆ ಬದಲಾದರೆ ಬದುಕು ಬದಲಾಗುತ್ತದಾ ಅಂತ ಕೆಲವರು ನಗಬಹುದು. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ಪ್ರಾಧ್ಯಾಪಕರು 1960ರ ದಶಕದ ಕೊನೆಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಒಂದೇ ಥರದ ಮೂರು ಬೀದಿ ಆರಿಸಿಕೊಂಡರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ಮನೆ ಮನೆಗೆ ಹೋಗಿ ನಿಮಗೆ ಈ ಬೀದಿಯಲ್ಲಿ ಎಷ್ಟು ಜನ ಗೆಳೆಯರಿದ್ದಾರೆ ಅಂತ ಕೇಳಿದರು. ಕಡಿಮೆ ವಾಹನದ ಬೀದಿಯಲ್ಲಿ ಒಬ್ಬೊಬ್ಬರಿಗೆ ಸರಾಸರಿ ಮೂವರು, ಜಾಸ್ತಿ ವಾಹನದ ಬೀದಿಯಲ್ಲಿ 0.9. ಒಬ್ಬ ಪೂರ್ತಿ ಗೆಳೆಯನೂ ಇಲ್ಲ! ಎದುರು ಮನೆಯವರ ಪರಿಚಯ ಆಗಬೇಕಾದರೆ ರಸ್ತೆ ದಾಟಬೇಕಲ್ವಾ. ಹೀಗೆ ಬೀದಿಗಳ ಬಗ್ಗೆ ಬದುಕೆಲ್ಲ ಯೋಚಿಸಿದ ಆ ಮನುಷ್ಯ 1982ರಲ್ಲಿ ಅಥೆನ್ಸ್‌ನಲ್ಲಿ ವೇಗವಾಗಿ ಬಂದ ಕಾರಿಗೆ ಸಿಕ್ಕಿ ತೀರಿಕೊಂಡರು.

ಅಂಗಡಿಯವರ ಭಯದ ಬಗ್ಗೆ ಹೇಳದಿದ್ದರೆ ಪತ್ರ ಅರ್ಧ. “ಬಾಗಿಲ ಮುಂದೆ ಗಾಡಿ ನಿಲ್ಲಿಸಲು ಬಿಡದಿದ್ದರೆ ಗಿರಾಕಿ ಬರುವುದಿಲ್ಲ” ಅನ್ನುತ್ತಾರೆ. ಭಯ ನಿಜವಾದದ್ದು, ದುಡಿಮೆಯ ಪ್ರಶ್ನೆ, ಅದನ್ನು ತಳ್ಳಿಹಾಕಬಾರದು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಸ್ಟ್ರೋಯೆಟ್ ಬೀದಿಯನ್ನು 1962ರ ನವೆಂಬರ್‌ನಲ್ಲಿ ನಡೆಯುವವರಿಗೆ ಬಿಟ್ಟಾಗಲೂ ಅಲ್ಲಿನ ವ್ಯಾಪಾರಿಗಳು ಇದೇ ಮಾತು ಆಡಿದ್ದರು. ಈ ಚಳಿಯ ಊರಲ್ಲಿ ಯಾರು ಹೊರಗೆ ಕೂರುತ್ತಾರೆ, ನಾವೇನು ಇಟಲಿಯವರೇ ಅಂತ. ಈಗ ಅದು ಆ ನಗರದ ಹೆಸರಾಂತ ವ್ಯಾಪಾರದ ಬೀದಿ. ಒಂದು ಕಾರು ನಿಲ್ಲುವ ಜಾಗ ಸುಮಾರು 12 ಚದರ ಮೀಟರ್. ಎಷ್ಟೋ ಸಲ ಅಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ನಿಂತಿರುವುದು ಗಿರಾಕಿಯ ಕಾರಲ್ಲ, ಅಂಗಡಿಯವರದೇ, ಇಲ್ಲವೇ ಪಕ್ಕದ ಆಫೀಸಿನವರದು. ಆದರೂ ಸಾಮಾನು ಇಳಿಸುವುದಕ್ಕೆ ಬೆಳಗ್ಗೆ ಇಂತಿಷ್ಟು ಹೊತ್ತು ಅಂತ ಜಾಗ ಕೊಡಬೇಕು. ನಡೆಯಲಾಗದವರ ವಾಹನ ಹತ್ತಿರ ಬರುವಂತಿರಬೇಕು. ಆಂಬುಲೆನ್ಸ್ ಹೋಗಬೇಕು, ಅದಕ್ಕೆ ಬಸ್ ಲೇನ್ ಇದ್ದರೆ ಈಗಿನದಕ್ಕಿಂತ ಸಲೀಸು. ಬಸ್ಸುಗಳು ಹೋದ ಮೇಲೆ ಆ ಲೇನ್ ಖಾಲಿ ಇರುತ್ತದೆ ಅಂತ ಗೊಣಗುತ್ತೇವಲ್ಲ, ಖಾಲಿ ಇರುವುದೇ ಅದರ ಉಪಯೋಗ.

ಬೀದಿ ವ್ಯಾಪಾರಿಗಳ ವಿಷಯದಲ್ಲಿ ನನಗೆ ಇನ್ನೂ ಭಯ ಇದೆ. ರಸ್ತೆ ಚೆಂದ ಮಾಡಿದ ಕೂಡಲೇ ಮೊದಲು ಓಡಿಸುವುದು ಅವರನ್ನು. ಅವರಿದ್ದರಿಂದಲೇ ರಾತ್ರಿ ಒಂಬತ್ತಕ್ಕೂ ಆ ರಸ್ತೆಯಲ್ಲಿ ಬೆಳಕು, ನಾಲ್ಕು ಜನ, ಒಬ್ಬ ಹೆಣ್ಣುಮಗಳು ಧೈರ್ಯವಾಗಿ ನಡೆಯುವ ವಾತಾವರಣ ಇದ್ದದ್ದು. ನಕ್ಷೆ ಬರೆಯುವ ದಿನವೇ ಅವರ ಜಾಗವನ್ನೂ ಗೆರೆ ಎಳೆದು ತೋರಿಸಬೇಕು, ನೀರು, ಕಸದ ವ್ಯವಸ್ಥೆ ಸಮೇತ.

ಇದೆಲ್ಲ ಒಂದೇ ಸಲ ಗ್ರಾನೈಟ್ ಹಾಸಿ ಮಾಡುವ ಕೆಲಸ ಅಲ್ಲ. ನಿಜ ಹೇಳಬೇಕೆಂದರೆ ಗ್ರಾನೈಟ್ ಕಂಡರೆ ನನಗೆ ಅನುಮಾನ ಜಾಸ್ತಿ. ರಸ್ತೆಯ ಅಗಲ ಅಷ್ಟೇ ಇಟ್ಟು, ಅಂಚಿಗೆ ಹೊಳೆಯುವ ಕಲ್ಲು, ಬಣ್ಣದ ದೀಪ, ಊರ ಹೆಸರಿನ ದೊಡ್ಡ ಅಕ್ಷರ ನಿಲ್ಲಿಸಿ ಸುಂದರೀಕರಣ ಅಂದುಬಿಡುತ್ತಾರೆ. ಮಳೆ ಬಂದರೆ ಆ ಕಲ್ಲು ಜಾರುತ್ತದೆ. ಅಮ್ಮ ಆಗಲೂ ಡಿವೈಡರ್ ಮೇಲೇ ನಿಂತಿರುತ್ತಾರೆ.

ಅದರ ಬದಲು ಅಗ್ಗವಾಗಿ ಶುರು ಮಾಡಿ. ನ್ಯೂಯಾರ್ಕಿನ ಟೈಮ್ಸ್ ಚೌಕದಲ್ಲಿ 2009ರ ಮೇ ತಿಂಗಳಲ್ಲಿ ಬ್ರಾಡ್‌ವೇ ರಸ್ತೆಯ ಒಂದು ಭಾಗಕ್ಕೆ ಡ್ರಮ್ಮುಗಳನ್ನು ಅಡ್ಡ ಇಟ್ಟರು. ಕೂರಲು ಏನಿಡುವುದು ಅಂತ ತೋಚದೆ, ಸಮುದ್ರ ತೀರಕ್ಕೆ ಒಯ್ಯುವಂಥ ಅಗ್ಗದ ಮಡಚುವ ಕುರ್ಚಿಗಳನ್ನು ತಂದು ಹಾಕಿದರು. ಆಗ ಆ ನಗರದ ಸಾರಿಗೆ ಮುಖ್ಯಸ್ಥೆಯಾಗಿದ್ದವರು ಜಾನೆಟ್ ಸಾಡಿಕ್ ಖಾನ್. ಜನ ಬಂದು ಕೂತರು, ಮತ್ತು ಕುರ್ಚಿಗಳು ಚೆಂದ ಇಲ್ಲ ಅಂತ ಜಗಳ ಆಡಿದರು! ರಸ್ತೆ ಮುಚ್ಚಿದ್ದಕ್ಕಿಂತ ಕುರ್ಚಿಯ ಬಗ್ಗೆಯೇ ಜಾಸ್ತಿ ಮಾತು. ನಗರದ ಲೆಕ್ಕದಲ್ಲಿ ಅಲ್ಲಿ ನಡೆಯುವವರಿಗೆ ಆಗುವ ಗಾಯ ಶೇ 35ರಷ್ಟು ಇಳಿಯಿತು. ಪಕ್ಕಾ ಕಲ್ಲು ಹಾಸಿದ್ದು ಅದೆಲ್ಲ ನೋಡಿ ಆದ ಮೇಲೆ. ಪ್ಯಾರಿಸ್ಸಿನವರು ಇನ್ನೂ ನಿಧಾನ. ಸೇನ್ ನದಿ ದಂಡೆಯ ವೇಗದ ರಸ್ತೆಗೆ 2002ರಿಂದ ಬೇಸಿಗೆಯಲ್ಲಿ ಕೆಲವು ವಾರ ಮಾತ್ರ ವಾಹನ ನಿಲ್ಲಿಸಿ ಮರಳು ಸುರಿದು ಕುರ್ಚಿ ಹಾಕುತ್ತಿದ್ದರು. ಹದಿನಾಲ್ಕು ವರ್ಷ ಹೀಗೆ ರುಚಿ ತೋರಿಸಿ, 2016ರಲ್ಲಿ ಬಲದಂಡೆಯ 3.3 ಕಿಲೋಮೀಟರ್ ಪೂರ್ತಿ ಮುಚ್ಚಿದರು. ಅದರ ಮೇಲೂ ಕೇಸು ಬಿತ್ತು, 2018ರಲ್ಲಿ ನ್ಯಾಯಾಲಯ ಆದೇಶವನ್ನು ರದ್ದು ಮಾಡಿತು, ನಗರಾಡಳಿತ ಬೇರೆ ಕಾರಣ ಕೊಟ್ಟು ಮತ್ತೆ ಆದೇಶ ಹೊರಡಿಸಿತು. ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ನಗರದವರು 1970ರ ದಶಕದಲ್ಲಿ ಕಾಲುವೆ ಬತ್ತಿಸಿ ಮಾಡಿದ್ದ ಅಗಲ ರಸ್ತೆಯನ್ನು ಅಗೆದು ಮತ್ತೆ ನೀರು ಬಿಡುವ ಕೆಲಸ 2020ಕ್ಕೆ ಮುಗಿಯಿತು. ಸುಮಾರು ಅರ್ಧ ಶತಮಾನ ಬೇಕಾಯಿತು, ತಪ್ಪು ಒಪ್ಪಿಕೊಳ್ಳಲು.

ಹಾಗಾಗಿ ನನ್ನ ಬೇಡಿಕೆ ತುಂಬ ಸಣ್ಣದು. ಒಂದು ರಸ್ತೆ, ಎರಡು ಸಿಗ್ನಲ್‌ಗಳ ನಡುವಿನ ಒಂದು ತುಂಡು, ಆರು ತಿಂಗಳು. ಬಣ್ಣ, ದೊಡ್ಡ ಕುಂಡಗಳು, ಕುರ್ಚಿಗಳು. ಮೊದಲ ಎರಡು ವಾರ ಗದ್ದಲ ಇರುತ್ತದೆ, ಆ ಗದ್ದಲ ನೋಡಿ ಹೆದರಿ ಎತ್ತಿಬಿಡಬಾರದು, ಜನಕ್ಕೆ ದಾರಿ ಬದಲಾಯಿಸಿಕೊಳ್ಳಲು ಹೊತ್ತು ಬೇಕು. ಮೊದಲೂ ಎಣಿಸಿ, ಆಮೇಲೂ ಎಣಿಸಿ. ಬರೀ ವಾಹನ ಎಣಿಸಬೇಡಿ. ಎಷ್ಟು ಜನ ನಡೆದರು, ಎಷ್ಟು ಜನ ಕೂತರು, ಅದರಲ್ಲಿ ಹೆಂಗಸರೆಷ್ಟು, ಮಕ್ಕಳೆಷ್ಟು, ವಯಸ್ಸಾದವರೆಷ್ಟು. ಮಕ್ಕಳು ಮತ್ತು ವಯಸ್ಸಾದವರು ಕಾಣದಿದ್ದರೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ. ಆ ಲೆಕ್ಕವನ್ನು ನಿಮ್ಮ ಪತ್ರಿಕೆಯಲ್ಲಿ ಹಾಕಿ. ಸರಿ ಬರದಿದ್ದರೆ ಕುಂಡ ಎತ್ತಿಡಿ, ಬಣ್ಣ ಅಳಿಸಿ, ಯಾರ ಗಂಟೂ ಹೋಗುವುದಿಲ್ಲ.

ಈ ಪತ್ರ ಮುಗಿಸುವ ಮೊದಲು ಅಮ್ಮನಿಗೆ ಓದಿ ಹೇಳಿದೆ. ಸೋಲ್, ಪ್ಯಾರಿಸ್ ಎಲ್ಲ ಕೇಳಿ ಹ್ಞೂಂ ಅಂದರು. ಕುರ್ಚಿಯ ಮಾತು ಬಂದಾಗ ಮಾತ್ರ ತಡೆದರು. “ಕುರ್ಚಿಗೆ ಕೈ ಇರಬೇಕು ಅಂತ ಬರೀ. ಈಗೆಲ್ಲ ಬೆಂಚು ಅಂತ ಬರೀ ಕಲ್ಲಿನ ಹಲಗೆ ಹಾಕ್ತಾರೆ, ಬೆನ್ನಿಗೂ ಇಲ್ಲ, ಕೈಗೂ ಇಲ್ಲ. ಕೂರೋದೇನೋ ಕೂರ್ತೀನಿ, ಏಳೋದು ಹೇಗೆ?” ಅಂದರು.

ಬರೆದಿದ್ದೇನೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು